ಯಾವ ಆವೃತ್ತಿಯ ಗ್ರೋವ್?

ಕನ್ನಡದಲ್ಲಿ ಸಂಶೋಧನೆ ಮಾಡುವವರಿಗೆ ಈ ಪೇಚಾಟ ಹೊಸದಲ್ಲ. ಕಿಟ್ಟೆಲ್ ನಿಘಂಟಿನಿಂದ ಒಂದು ಪದದ ಅರ್ಥವನ್ನು ಉಲ್ಲೇಖಿಸಬೇಕು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಮೂಲವನ್ನು ನೋಡುವುದೋ, ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ಮದ್ರಾಸ್ ವಿಶ್ವವಿದ್ಯಾಲಯ 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದ ಆವೃತ್ತಿಯನ್ನು ನೋಡುವುದೋ? ಪದದ ಅರ್ಥವಷ್ಟೇ ಬೇಕಿದ್ದರೆ ಎರಡನೆಯದು ಹೆಚ್ಚು ಕೊಡುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಿಟ್ಟೆಲ್ ಏನನ್ನು ದಾಖಲಿಸಿದ್ದರು ಎಂದು ತಿಳಿಯಬೇಕಿದ್ದರೆ ಮೊದಲನೆಯದೇ ಬೇಕು. ಎರಡನ್ನೂ ಕಲಸಿ 'ಕಿಟ್ಟೆಲ್ ಹೇಳುವಂತೆ' ಎಂದು ಬರೆದುಬಿಟ್ಟರೆ, ಮರಿಯಪ್ಪ ಭಟ್ಟರು ಸೇರಿಸಿದ ಮಾತನ್ನು ಕಿಟ್ಟೆಲರ ಬಾಯಿಗೆ ಹಾಕಿದಂತಾಗುತ್ತದೆ.

ಸಂಗೀತದ ಚರಿತ್ರೆಯನ್ನು ಓದುವವರಿಗೆ ಇದೇ ಪ್ರಶ್ನೆ ಇನ್ನೂ ದೊಡ್ಡದಾಗಿ ಎದುರಾಗುವುದು ಗ್ರೋವ್ ಕೋಶದ ವಿಷಯದಲ್ಲಿ. ಇಂಗ್ಲಿಷಿನಲ್ಲಿರುವ ಸಂಗೀತ ಕೋಶಗಳಲ್ಲಿ ಅದು ಅತಿ ದೊಡ್ಡದು, ಅತಿ ಹೆಚ್ಚು ಉಲ್ಲೇಖಗೊಂಡದ್ದು. 1879ರಿಂದ ಇಲ್ಲಿಯವರೆಗೆ ಅದು ಹಲವು ಸಲ ರೂಪ ಬದಲಿಸಿದೆ. ಪಿಎಚ್‌ಡಿಗೆ ಸೇರಿದ ಹೊಸದರಲ್ಲಿ ನಮಗೆಲ್ಲ ಕಲಿಸುವ ನಿಯಮ ಸರಳವಾದದ್ದು: ಯಾವಾಗಲೂ ಇತ್ತೀಚಿನ ಆವೃತ್ತಿಯನ್ನೇ ಬಳಸಿ. ಆ ನಿಯಮ ಅರ್ಧ ಮಾತ್ರ ಸರಿ ಎಂದು ಗ್ರೋವ್ ಕೋಶದ ಚರಿತ್ರೆ ತೋರಿಸುತ್ತದೆ.

ಕೋಶವನ್ನು ಆರಂಭಿಸಿದ ಜಾರ್ಜ್ ಗ್ರೋವ್ (1820–1900) ವೃತ್ತಿಯಿಂದ ಸಂಗೀತಗಾರರಲ್ಲ, ಸಿವಿಲ್ ಎಂಜಿನಿಯರ್. ಜಮೈಕಾ ಮತ್ತು ಬರ್ಮುಡಾ ದ್ವೀಪಗಳಲ್ಲಿ ಎರಕದ ಕಬ್ಬಿಣದ ದೀಪಸ್ತಂಭಗಳನ್ನು ನಿಲ್ಲಿಸುವ ಕೆಲಸ ಮಾಡಿದವರು. ಆಮೇಲೆ ಲಂಡನ್ನಿನ ಸಿಡನ್‌ಹ್ಯಾಮ್‌ನಲ್ಲಿದ್ದ ಕ್ರಿಸ್ಟಲ್ ಪ್ಯಾಲೇಸಿನ ಕಾರ್ಯದರ್ಶಿಯಾದರು. ಅಲ್ಲಿ ಶನಿವಾರಗಳಂದು ನಡೆಯುತ್ತಿದ್ದ ಕಛೇರಿಗಳಿಗೆ ಬರುವ ಸಾಮಾನ್ಯ ಕೇಳುಗರಿಗಾಗಿ ಕೃತಿಗಳನ್ನು ವಿವರಿಸುವ ಟಿಪ್ಪಣಿಗಳನ್ನು ಬರೆಯತೊಡಗಿದರು. ಕೋಶ ಹುಟ್ಟಿದ್ದು ಆ ಅಭ್ಯಾಸದಿಂದ. ಮ್ಯಾಕ್‌ಮಿಲನ್ ಸಂಸ್ಥೆ ಎರಡು ಸಂಪುಟಗಳೆಂದು ಯೋಜಿಸಿದ್ದು ಬೆಳೆಯುತ್ತ ನಾಲ್ಕಾಯಿತು. 1879ರಲ್ಲಿ ಶುರುವಾಗಿ ಅನುಬಂಧದೊಂದಿಗೆ 1889ರಲ್ಲಿ ಮುಗಿಯಿತು. ಶೀರ್ಷಿಕೆಯಲ್ಲೇ ಅದು ತನ್ನ ಎಲ್ಲೆಯನ್ನು ಹೇಳಿಕೊಂಡಿತ್ತು: ಕ್ರಿ.ಶ. 1450ರಿಂದ ಈಚಿನ ಸಂಗೀತ. ಅಂದರೆ ಯೂರೋಪಿನ ಕಲಾಸಂಗೀತ, ಅದರಲ್ಲೂ ಅಂದಿನ ಇಂಗ್ಲಿಷ್ ಕೇಳುಗ ಕಛೇರಿಯಲ್ಲಿ ಕೇಳಬಹುದಾಗಿದ್ದ ಸಂಗೀತವೇ ಅದರ ಕೇಂದ್ರ.

ಆಮೇಲಿನ ವಂಶಾವಳಿ ಹೀಗಿದೆ. ಎರಡನೆಯ ಆವೃತ್ತಿ 1904ರಿಂದ 1910ರವರೆಗೆ, ಐದು ಸಂಪುಟಗಳಲ್ಲಿ, ಜೆ.ಎ. ಫುಲ್ಲರ್ ಮೇಟ್‌ಲ್ಯಾಂಡ್ ಸಂಪಾದಕತ್ವದಲ್ಲಿ. ಮೂರನೆಯದು 1927ರಲ್ಲಿ ಮತ್ತು ನಾಲ್ಕನೆಯದು 1940ರಲ್ಲಿ, ಎರಡೂ ಎಚ್.ಸಿ. ಕೋಲ್ಸ್ ಅವರದು. ಐದನೆಯದು 1954ರಲ್ಲಿ, ಎರಿಕ್ ಬ್ಲೋಮ್ ಅವರದು, ಒಂಬತ್ತು ಸಂಪುಟ. 1980ರಲ್ಲಿ ಸ್ಟ್ಯಾನ್ಲಿ ಸೇಡಿ 'ನ್ಯೂ ಗ್ರೋವ್' ಹೆಸರಿನಲ್ಲಿ 20 ಸಂಪುಟಗಳನ್ನು ತಂದರು. ಸುಮಾರು 22,500 ಲೇಖನಗಳು, ಬಹುಪಾಲು ಹೊಸದಾಗಿ ಬರೆಸಿದವು. 2001ರಲ್ಲಿ ಸೇಡಿ ಮತ್ತು ಜಾನ್ ಟಿರೆಲ್ ಸೇರಿ ಅದನ್ನು 29 ಸಂಪುಟಕ್ಕೆ ಹಿಗ್ಗಿಸಿದರು. ಅದೇ ವರ್ಷ ಆನ್‌ಲೈನ್ ರೂಪವೂ ಬಂತು. ಈಗ ಅದು ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಕೈಯಲ್ಲಿದೆ.

ಹೊಸ ಆವೃತ್ತಿಯೇ ಏಕೆ ಬೇಕು ಎಂಬುದಕ್ಕೆ ಬಾಖ್ ಒಳ್ಳೆಯ ಉದಾಹರಣೆ. 1723ರಲ್ಲಿ ಲೈಪ್‌ಝಿಗ್‌ಗೆ ಬಂದ ಬಾಖ್, ಭಾನುವಾರಗಳ ಚರ್ಚು ಪ್ರಾರ್ಥನೆಗಾಗಿ ಕಾಂಟಾಟಾ ಎಂಬ ಗಾಯನಕೃತಿಗಳನ್ನು ರಾಶಿರಾಶಿಯಾಗಿ ರಚಿಸಿದರು. ಹತ್ತೊಂಬತ್ತನೆಯ ಶತಮಾನದ ವಿದ್ವಾಂಸ ಫಿಲಿಪ್ ಸ್ಪಿಟ್ಟಾ ಈ ಕೃತಿಗಳಿಗೆ ಕೊಟ್ಟ ಕಾಲನಿರ್ಣಯವನ್ನೇ ಎಲ್ಲರೂ ಒಪ್ಪಿಕೊಂಡು ಬಂದಿದ್ದರು. ಅವರ ಲೆಕ್ಕದಲ್ಲಿ ಇವುಗಳಲ್ಲಿ ಅನೇಕವು 1730 ಮತ್ತು 1740ರ ದಶಕಗಳಿಗೆ ಸೇರಿದ್ದವು. 1957–58ರಲ್ಲಿ ಆಲ್ಫ್ರೆಡ್ ಡ್ಯೂರ್ ಮತ್ತು ಗೇಯೋರ್ಗ್ ಫಾನ್ ಡಾಡೆಲ್ಸೆನ್ ಕಾಗದದ ನೀರುಗುರುತು, ಪ್ರತಿಕಾರರ ಕೈಬರಹ ಇವನ್ನೆಲ್ಲ ಕೂಡಿಸಿ ನೋಡಿದಾಗ ಲೆಕ್ಕ ಬುಡಮೇಲಾಯಿತು. ಉಳಿದುಬಂದ ಕಾಂಟಾಟಾಗಳಲ್ಲಿ ಹೆಚ್ಚಿನವು ಲೈಪ್‌ಝಿಗ್‌ನ ಮೊದಲ ಕೆಲವೇ ವರ್ಷಗಳವು. ಬದುಕಿನುದ್ದಕ್ಕೂ ಒಂದೇ ಲಯದಲ್ಲಿ ಚರ್ಚಿಗಾಗಿ ಬರೆಯುತ್ತ ಕುಳಿತ ಭಕ್ತನ ಚಿತ್ರ ಅಲ್ಲಿಗೆ ಒಡೆಯಿತು. ಗ್ರೋವ್ ಕೋಶದ ಐದನೆಯ ಆವೃತ್ತಿ ಬಂದದ್ದು ಈ ಶೋಧಕ್ಕೆ ಮೂರು ನಾಲ್ಕು ವರ್ಷ ಮೊದಲು. ಅದನ್ನಾಗಲಿ ಅದರ ಹಿಂದಿನವನ್ನಾಗಲಿ ಹಿಡಿದು ಬಾಖ್ ಕೃತಿಗಳ ಕಾಲಕ್ರಮ ಹೇಳಹೊರಟವರು ತಪ್ಪುವುದು ಖಂಡಿತ.

ಶೂಬರ್ಟ್ ವಿಷಯವೂ ಹಾಗೆಯೇ. ಗ್ರೋವ್ ಅವರಿಗೆ ಶೂಬರ್ಟ್ ಮೇಲೆ ಅಪಾರ ಪ್ರೀತಿ. 1867ರಲ್ಲಿ ಆರ್ಥರ್ ಸಲಿವನ್ ಜೊತೆ ವಿಯೆನ್ನಾಕ್ಕೆ ಹೋಗಿ, 'ರೋಸಮುಂಡೆ' ನಾಟಕಕ್ಕೆ ಶೂಬರ್ಟ್ ಬರೆದ ಸಂಗೀತದ ಹಸ್ತಪ್ರತಿಗಳನ್ನು ಹುಡುಕಿ ತೆಗೆದವರು ಅವರು. ಶೂಬರ್ಟ್ 1825ರ ಬೇಸಿಗೆಯಲ್ಲಿ ಗಾಸ್ಟೈನ್ ಎಂಬ ಊರಿನಲ್ಲಿದ್ದಾಗ ಬರೆದ ಒಂದು ಸಿಂಫನಿ ಕಳೆದುಹೋಗಿದೆ ಎಂದು ಗ್ರೋವ್ ಬಲವಾಗಿ ನಂಬಿದ್ದರು. ಮುಂದೆ ಹಸ್ತಪ್ರತಿಯ ಕಾಗದವನ್ನು ಪರಿಶೀಲಿಸಿದಾಗ, ಎಲ್ಲರೂ 1828ರದ್ದೆಂದು ತಿಳಿದಿದ್ದ ಸಿ ಮೇಜರ್ ಮಹಾಸಿಂಫನಿ ವಾಸ್ತವವಾಗಿ 1825ರಲ್ಲೇ ಶುರುವಾಗಿತ್ತೆಂದು ತಿಳಿಯಿತು. ಕಳೆದುಹೋದ ಕೃತಿ ಕಣ್ಣೆದುರೇ ಇತ್ತು ಎಂಬುದು ಇಂದಿನ ವಿದ್ವಾಂಸರ ಸಾಮಾನ್ಯ ಅಭಿಪ್ರಾಯ.

ಇಷ್ಟು ನೋಡಿದರೆ ಹಳೆಯದನ್ನು ರದ್ದಿಗೆ ಹಾಕಬಹುದು ಎನ್ನಿಸುತ್ತದೆ. ಆದರೆ ಗ್ರೋವ್ ಅವರ ಶೂಬರ್ಟ್ ಲೇಖನದಲ್ಲಿ ಈ ತಪ್ಪು ಮಾತ್ರ ಇಲ್ಲ. ಮೊದಲ ಆವೃತ್ತಿಯ ಬೇಥೋವನ್, ಮೆಂಡೆಲ್‌ಸೋನ್, ಶೂಬರ್ಟ್ ಲೇಖನಗಳನ್ನು ಅವರೇ ಬರೆದರು. ಒಂದೊಂದೂ ಸಣ್ಣ ಪುಸ್ತಕದಷ್ಟು ದೊಡ್ಡದು. ಶೂಬರ್ಟ್ ತೀರಿಕೊಂಡು ನಲವತ್ತು ವರ್ಷವೂ ಆಗಿರದಿದ್ದಾಗ ವಿಯೆನ್ನಾದಲ್ಲಿ ಓಡಾಡಿ, ಆತನ ಬಂಧುಗಳ ಮನೆಯ ಕಪಾಟುಗಳನ್ನು ತೆಗೆಸಿ ನೋಡಿದ ವ್ಯಕ್ತಿಯ ಬರಹ ಅದು. ಅದೇ ಆವೃತ್ತಿಯಲ್ಲಿ ಶೂಮನ್ ಬಗ್ಗೆ ಬರೆದವರು ಸ್ಪಿಟ್ಟಾ. ಹೇಡನ್ ಮತ್ತು ಮೊಜಾರ್ಟ್ ಬಗ್ಗೆ ಬರೆದವರು ವಿಯೆನ್ನಾದ ಸಂಗೀತಪ್ರಿಯರ ಸಂಘದ ಪತ್ರಾಗಾರವನ್ನು ನೋಡಿಕೊಳ್ಳುತ್ತಿದ್ದ ಸಿ.ಎಫ್. ಪೋಲ್. ಇದರ ಬೆಲೆ ಪ್ರಕಾಶಕರಿಗೂ ಗೊತ್ತಿತ್ತು. ಐದನೆಯ ಆವೃತ್ತಿ ಬರುವ ಮೊದಲೇ, 1951ರಲ್ಲಿ, ಗ್ರೋವ್ ಅವರ ಆ ಮೂರು ಲೇಖನಗಳನ್ನು ಮ್ಯಾಕ್‌ಮಿಲನ್‌ನವರು ಬೇರೆ ಪುಸ್ತಕವಾಗಿ ತಂದರು.

ಹೊಸ ಆವೃತ್ತಿಯಲ್ಲಿ ಹಳೆಯ ತಪ್ಪು ತಿದ್ದಿದರೆ ಅದು ಎಲ್ಲರಿಗೂ ಕಾಣುತ್ತದೆ. ಹಳೆಯ ಸಾಕ್ಷಿಯನ್ನು ಕೈಬಿಟ್ಟರೆ ಕಾಣುವುದಿಲ್ಲ, ಏಕೆಂದರೆ ಇಲ್ಲದಿರುವುದಕ್ಕೆ ಯಾರೂ ಅಡಿಟಿಪ್ಪಣಿ ಬರೆಯುವುದಿಲ್ಲ.

ಇನ್ನು, ಹೊಸದು ಬಂದಷ್ಟೂ ಸತ್ಯಕ್ಕೆ ಒಂದೊಂದು ಮೆಟ್ಟಿಲು ಹತ್ತಿರವಾಗುತ್ತೇವೆ ಎಂಬ ನಂಬಿಕೆಯನ್ನೂ ಪರೀಕ್ಷಿಸಬೇಕು. ಚೈಕೋವ್‌ಸ್ಕಿ 1893ರ ನವೆಂಬರ್ 6ರಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ತೀರಿಕೊಂಡರು. ಅದಕ್ಕೆ ಒಂಬತ್ತು ದಿನ ಮೊದಲು ತಮ್ಮ ಆರನೆಯ ಸಿಂಫನಿಯ ಮೊದಲ ಪ್ರದರ್ಶನವನ್ನು ತಾವೇ ನಡೆಸಿಕೊಟ್ಟಿದ್ದರು. ಸಾವಿಗೆ ಕಾರಣ ಕಾಲರಾ ಎಂಬುದು ದಶಕಗಳ ಕಾಲ ಜೀವನಚರಿತ್ರೆಗಳಲ್ಲಿ ನಡೆದುಬಂದ ಮಾತು. 1970ರ ದಶಕದ ಕೊನೆಯಲ್ಲಿ ರಷ್ಯಾದಿಂದ ವಲಸೆ ಬಂದ ಅಲೆಕ್ಸಾಂಡ್ರಾ ಓರ್ಲೋವಾ ಬೇರೊಂದು ಕಥೆ ಹೊರಹಾಕಿದರು. ಚೈಕೋವ್‌ಸ್ಕಿಯ ಸಲಿಂಗ ಸಂಬಂಧವೊಂದು ಬಯಲಾಗುವ ಭಯದಲ್ಲಿ, ಅವರ ಜೊತೆ ಕಾನೂನು ಓದಿದ್ದ ಹಳೆಯ ಸಹಪಾಠಿಗಳು ಒಂದು ಗುಪ್ತ ಪಂಚಾಯಿತಿ ಸೇರಿ, ಆತ್ಮಹತ್ಯೆ ಮಾಡಿಕೊಳ್ಳುವಂತೆ ಅವರಿಗೆ ವಿಧಿಸಿದರು ಎಂಬುದು ಆ ಕಥೆ. 1980ರ ನ್ಯೂ ಗ್ರೋವ್‌ನಲ್ಲಿ ಚೈಕೋವ್‌ಸ್ಕಿ ಬಗ್ಗೆ ಬರೆದ ಡೇವಿಡ್ ಬ್ರೌನ್ ಇದನ್ನು ಒಪ್ಪಿಕೊಂಡರು. ಆತ್ಮಹತ್ಯೆ ಎಂಬುದರಲ್ಲಿ ಅನುಮಾನವೇ ಇಲ್ಲವೆಂಬ ಧಾಟಿಯಲ್ಲಿ ಬರೆದರು. ಆಮೇಲೆ ಅಲೆಕ್ಸಾಂಡರ್ ಪೊಜ್ನಾನ್‌ಸ್ಕಿ ಮೊದಲಾದವರು ಆ ಕಥೆಯ ಆಧಾರಗಳನ್ನು ಒಂದೊಂದಾಗಿ ಪ್ರಶ್ನಿಸಿದರು. 2001ರ ಆವೃತ್ತಿಯಲ್ಲಿ ಹೊಸ ಲೇಖನ ಬರೆದ ರೋಲಂಡ್ ಜಾನ್ ವೈಲಿ, ಸಾವು ಹೇಗಾಯಿತೆಂದು ನಮಗೆ ಗೊತ್ತಿಲ್ಲ ಎಂದು ಆ ಪ್ರಶ್ನೆಯನ್ನು ತೆರೆದೇ ಬಿಟ್ಟರು.

ಹಳೆಯವರು ಕಾಲರಾ ಎಂದರು, 1980 ಆತ್ಮಹತ್ಯೆ ಎಂದಿತು, 2001 ತಿಳಿಯದು ಎಂದಿತು. ಇಂದಿಗೂ ಕಾಲರಾದ ಪರವಾಗಿ ವಾದಿಸುವ ವಿದ್ವಾಂಸರಿದ್ದಾರೆ. ಹೀಗಿರುವಾಗ 1980ರ ಆವೃತ್ತಿಯನ್ನು 'ಹೊಸ ಗ್ರೋವ್' ಎಂದು ನಂಬಿ ತೆರೆದ ವಿದ್ಯಾರ್ಥಿಯ ಗತಿ ಏನು? ಇದು ದೂರದ ಪ್ರಶ್ನೆಯಲ್ಲ. 29 ಸಂಪುಟಗಳ ಸೆಟ್ಟನ್ನು ಕೊಳ್ಳುವ, ಇಲ್ಲವೇ ವರ್ಷವರ್ಷವೂ ಆನ್‌ಲೈನ್ ಚಂದಾ ಕಟ್ಟುವ ಶಕ್ತಿ ಎಲ್ಲ ಗ್ರಂಥಾಲಯಗಳಿಗೂ ಇರುವುದಿಲ್ಲ. ಕಪಾಟಿನಲ್ಲಿ ಇರುವುದನ್ನು ನಾವು ಓದುತ್ತೇವೆ, ಬೆನ್ನಿನ ಮೇಲೆ 'ನ್ಯೂ' ಎಂದು ಬರೆದಿದ್ದರೆ ಅದನ್ನೇ ಕೊನೆಯ ಮಾತೆಂದು ತಿಳಿಯುತ್ತೇವೆ. ಒಬ್ಬ ಮನುಷ್ಯನ ಸಾವಿನ ಬಗ್ಗೆ ಇಷ್ಟು ದೊಡ್ಡ ಮಾತು ಒಂದು ಕೋಶದಿಂದ ನೂರು ಪ್ರಬಂಧಗಳಿಗೆ ಹಾರಿಹೋಗಲು ಅಷ್ಟು ಸಾಕು.

ಐದನೆಯ ಆವೃತ್ತಿಗೆ ಕುಖ್ಯಾತಿ ತಂದದ್ದು ಇನ್ನೊಬ್ಬ ರಷ್ಯನ್ ಸಂಯೋಜಕರ ಮೇಲಿನ ಲೇಖನ. ರಾಖ್ಮನಿನೋವ್ ಅವರ ಸಂಗೀತ ಏಕತಾನದ್ದು, ಅದಕ್ಕೆ ಸಿಕ್ಕ ಜನಪ್ರಿಯತೆ ಬಾಳುವಂಥದ್ದಲ್ಲ ಎಂದು 1954ರ ಗ್ರೋವ್ ತೀರ್ಪು ಕೊಟ್ಟಿತ್ತು. ಮುಂದಿನ ಏಳು ದಶಕ ಜಗತ್ತಿನ ಕಛೇರಿಗಳು ಆ ಭವಿಷ್ಯವಾಣಿಗೆ ಏನು ಮಾಡಿದವು ಎಂಬುದು ಎಲ್ಲರಿಗೂ ಗೊತ್ತು. ಇಂದಿನ ಆವೃತ್ತಿಯಲ್ಲಿ ಆ ಮಾತಿಲ್ಲ. ರಾಖ್ಮನಿನೋವ್ ಸಂಗೀತವನ್ನು ತಿಳಿಯಲು ಆ ಲೇಖನ ನಮಗೆ ಬೇಡ, ಸರಿ. ಆದರೆ 1950ರ ಸುಮಾರಿಗೆ ಲಂಡನ್ನಿನ ಅಭಿರುಚಿ ಹೇಗಿತ್ತು ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಇದು ಮೈಸೂರಿನ ಚರಿತ್ರೆಯನ್ನು ಬರೆಯುವವರಿಗೂ ಸಂಬಂಧಿಸಿದ ಮಾತು. ಜಯಚಾಮರಾಜ ಒಡೆಯರು 1940ರ ದಶಕದ ಕೊನೆಯಲ್ಲಿ, ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. ಮೆಟ್ನರ್ ಮತ್ತು ರಾಖ್ಮನಿನೋವ್ ಆಪ್ತ ಗೆಳೆಯರು, ಹೊಸ ಸಂಗೀತದ ಗಾಳಿಗೆ ಬಗ್ಗದೆ ಹಳೆಯ ಹಾದಿಯಲ್ಲೇ ನಡೆದವರು. ಆ ಹಾದಿಗೆ ಇನ್ನು ಭವಿಷ್ಯವಿಲ್ಲ ಎಂದು ಲಂಡನ್ನಿನ ಪಂಡಿತರು ಹೇಳುತ್ತಿದ್ದ ಕಾಲದಲ್ಲೇ ಮೈಸೂರಿನ ಮಹಾರಾಜರು ಅದರ ಬೆನ್ನಿಗೆ ನಿಂತರು. ಅವರ ಆ ಆಯ್ಕೆ ಎಷ್ಟು ಸ್ವತಂತ್ರವಾದದ್ದು ಎಂದು ಅಳೆಯಬೇಕಾದರೆ ಅಂದಿನ ಅಳತೆಗೋಲೇ ಬೇಕು. 2001ರ ಆವೃತ್ತಿಯಲ್ಲಿ ಅದು ಸಿಗುವುದಿಲ್ಲ, 1954ರದ್ದರಲ್ಲಿ ಸಿಗುತ್ತದೆ.

ಅಂದಮಾತ್ರಕ್ಕೆ ಹಳೆಯದೆಲ್ಲ ಪ್ರಾಮಾಣಿಕ, ಹೊಸದೆಲ್ಲ ಅವಸರದ್ದು ಎಂದೇನೂ ಅಲ್ಲ. ಹಳೆಯ ಕೋಶದ ಮೌನಗಳು ದೊಡ್ಡವು. 1450ರ ಗೆರೆ, ಯೂರೋಪಿನ ಗೆರೆ, ಸಂಯೋಜಕರೆಂದರೆ ಗಂಡಸರು ಎಂಬ ಗೆರೆ, ಎಲ್ಲವೂ ಅಲ್ಲಿದ್ದವು. 1980ರ ಆವೃತ್ತಿ ಜಗತ್ತಿನ ಬೇರೆ ಬೇರೆ ಸಂಗೀತಗಳಿಗೆ ದೊಡ್ಡ ಜಾಗ ಕೊಟ್ಟಿತು. ದಕ್ಷಿಣ ಭಾರತದ ರಾಗಪದ್ಧತಿಯ ಮೇಲೆ ಸಂಶೋಧನೆ ಮಾಡಿದ್ದ ಹೆರಾಲ್ಡ್ ಪವರ್ಸ್ ಅದರಲ್ಲಿ 'ಮೋಡ್' ಎಂಬ ಸುದೀರ್ಘ ಲೇಖನ ಬರೆದು, ಯೂರೋಪಿನ ಸ್ವರವ್ಯವಸ್ಥೆಗಳನ್ನೂ ನಮ್ಮ ರಾಗಗಳನ್ನೂ ಒಂದೇ ಚರ್ಚೆಯೊಳಗೆ ತಂದರು. 1994ರಲ್ಲಿ ಮಹಿಳಾ ಸಂಯೋಜಕರಿಗೆಂದೇ ಪ್ರತ್ಯೇಕ ಗ್ರೋವ್ ಕೋಶ ಬಂತು. ಭಾರತೀಯ ಸಂಗೀತದ ಬಗ್ಗೆಯೋ ಮಹಿಳೆಯರ ಬಗ್ಗೆಯೋ ತಿಳಿಯಲು 1889ಕ್ಕೆ ಹೋಗುವವರು ಬರಿಗೈಯಲ್ಲಿ ಬರಬೇಕು. ಅವರನ್ನು ಹೊರಗಿಟ್ಟದ್ದು ಹೇಗೆ ಎಂದು ತಿಳಿಯಲು ಮಾತ್ರ ಅಲ್ಲಿಗೇ ಹೋಗಬೇಕು.

ಆವೃತ್ತಿಯ ವರ್ಷವೊಂದನ್ನು ಬರೆದರೆ ಸಾಕೇ? ಅದೂ ಸಾಲದ ಸಂದರ್ಭಗಳಿವೆ. 1980ರ ನ್ಯೂ ಗ್ರೋವ್‌ನಲ್ಲಿ ಗುಗ್ಲಿಯೆಲ್ಮೊ ಬಾಲ್ಡಿನಿ ಎಂಬ ಇಟಲಿಯ ಸಂಯೋಜಕ, ಡಾಗ್ ಹೆನ್ರಿಕ್ ಎಸ್ರುಮ್-ಹೆಲ್ಲೆರುಪ್ ಎಂಬ ಡೆನ್ಮಾರ್ಕಿನ ಸಂಗೀತಗಾರ ಕಾಣಿಸಿಕೊಂಡರು. ಇಬ್ಬರೂ ಹುಟ್ಟಿಯೇ ಇರಲಿಲ್ಲ. ವಿದ್ವಾಂಸರೇ ಕುಚೇಷ್ಟೆಗಾಗಿ ತುರುಕಿದ ನಮೂದುಗಳವು; ಎರಡನೆಯವರ ಹೆಸರು ಡೆನ್ಮಾರ್ಕಿನ ಎರಡು ಸ್ಥಳಗಳನ್ನು ಜೋಡಿಸಿ ಮಾಡಿದ್ದು. ಸುದ್ದಿ ಬಯಲಾದ ಮೇಲೆ ಮರುಮುದ್ರಣಗಳಲ್ಲಿ ಅವರನ್ನು ಕೈಬಿಡಲಾಯಿತು. ಹಾಗಾಗಿ ಒಂದೇ ಆವೃತ್ತಿಯ ಎರಡು ಮುದ್ರಣಗಳು ಒಂದೇ ಅಲ್ಲ. 2001ರಲ್ಲೂ ಅಚ್ಚಿನ ಎಡವಟ್ಟಿನಿಂದ ಸ್ಟ್ರಾವಿನ್‌ಸ್ಕಿ ಕೃತಿಪಟ್ಟಿಯ ಒಂದು ಭಾಗ ಮತ್ತು ವಾಗ್ನರ್ ಗ್ರಂಥಸೂಚಿಯ ಒಂದು ಭಾಗ ಬಿಟ್ಟುಹೋಗಿ, ಆ ಎರಡು ಸಂಪುಟಗಳನ್ನು ತಿದ್ದಿ ಮತ್ತೆ ಕೊಡಬೇಕಾಯಿತು. ಕಾಗದದ ಮೇಲಿದ್ದುದರಿಂದ ಈ ಚರಿತ್ರೆ ನಮಗೆ ಸಿಕ್ಕಿದೆ. ಹಳೆಯ ಮುದ್ರಣದ ಪ್ರತಿ ಎಲ್ಲೋ ಒಂದು ಕಪಾಟಿನಲ್ಲಿ ಉಳಿದಿರುತ್ತದೆ, ಎರಡನ್ನೂ ಪಕ್ಕದಲ್ಲಿಟ್ಟು ನೋಡಬಹುದು. ಪರದೆಯ ಮೇಲೆ ತಿದ್ದಿದ ಲೇಖನಕ್ಕೆ ಇಂಥ ಕಪಾಟಿಲ್ಲ. ಅಲ್ಲಿ ತಿದ್ದುಪಡಿ ಬೇಗ ಆಗುತ್ತದೆ, ಒಳ್ಳೆಯದೇ. ಆದರೆ ನಿನ್ನೆ ಓದುಗರು ಏನನ್ನು ಓದಿ ನಂಬಿದ್ದರು ಎಂಬುದನ್ನು ಪುಟ ತಿರುವಿ ನೋಡುವ ದಾರಿ ಕಿರಿದಾಗುತ್ತದೆ.

ಇದು ಇಂಗ್ಲೆಂಡಿನ ಪುಸ್ತಕವೊಂದರ ಕಥೆ ಮಾತ್ರವೆಂದು ಬಿಡುವಂತಿಲ್ಲ. ಗ್ರೋವ್‌ನ ಎರಡನೆಯ ಆವೃತ್ತಿ ಹೊರಬರತೊಡಗಿದ 1904ರಲ್ಲೇ ತಮಿಳುನಾಡಿನ ಎಟ್ಟಯಪುರದಲ್ಲಿ ಸುಬ್ಬರಾಮ ದೀಕ್ಷಿತರ 'ಸಂಗೀತ ಸಂಪ್ರದಾಯ ಪ್ರದರ್ಶಿನಿ' ತೆಲುಗಿನಲ್ಲಿ ಅಚ್ಚಾಯಿತು. ಕರ್ನಾಟಕ ಸಂಗೀತದ ಮೇಳ, ರಾಗ, ಗಮಕಗಳಿಗೆ ಅದು ಇಂದಿಗೂ ಬಹುಮುಖ್ಯ ಆಕರ. ಮುತ್ತುಸ್ವಾಮಿ ದೀಕ್ಷಿತರ ಕೃತಿಗಳ ಜೊತೆಗೆ ನಮ್ಮ ಪುರಂದರದಾಸರ ಸೂಳಾದಿಗಳೂ ಅದರಲ್ಲಿವೆ. ಗ್ರಂಥಕರ್ತರು 1906ರಲ್ಲಿ ತೀರಿಕೊಂಡರು. 1961ರಿಂದ ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ಇದನ್ನು ತಮಿಳಿನಲ್ಲಿ ತರತೊಡಗಿತು. ಇಲ್ಲಿ ಹಳತು ಹೊಸತರ ಲೆಕ್ಕ ತಿರುವುಮುರುವಾಗುತ್ತದೆ. ಗ್ರೋವ್‌ನ ಹೊಸ ಆವೃತ್ತಿಯನ್ನು ಎಷ್ಟು ಬದಲಾಯಿಸಿದೆ ಎಂಬುದರಿಂದ ಅಳೆಯುತ್ತೇವೆ. ಪ್ರದರ್ಶಿನಿಯ ಹೊಸ ಆವೃತ್ತಿಯನ್ನು ಎಷ್ಟು ಬದಲಾಯಿಸಿಲ್ಲ ಎಂಬುದರಿಂದ ಅಳೆಯಬೇಕು.

ಆಭೇರಿ ರಾಗವನ್ನೇ ನೋಡಿ. ಇಂದು ಎಲ್ಲರೂ ಅದನ್ನು ಚತುಶ್ರುತಿ ಧೈವತದಿಂದ, 22ನೆಯ ಮೇಳದ ಜನ್ಯವೆಂದು ಹಾಡುತ್ತಾರೆ. ಪ್ರದರ್ಶಿನಿಯಲ್ಲಿ ಅದು 20ನೆಯ ಮೇಳಕ್ಕೆ ಸೇರಿದ್ದು, ಶುದ್ಧ ಧೈವತದ್ದು. ಇಂದಿನ ಕಿವಿಯುಳ್ಳ ಸಂಪಾದಕರೊಬ್ಬರು ಅದನ್ನು ಅಚ್ಚಿನ ತಪ್ಪೆಂದು 'ಸರಿಪಡಿಸಿ'ಬಿಟ್ಟರೆ ಒಂದು ರಾಗದ ಹಿಂದಿನ ಜನ್ಮವೇ ಅಳಿಸಿಹೋಗುತ್ತದೆ. ಲಿಪಿಯ ಪ್ರಶ್ನೆಯೂ ಇದೆ. ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ, ದೀಕ್ಷಿತರ ಸಾಹಿತ್ಯವೋ ಸಂಸ್ಕೃತದ್ದು. ತೆಲುಗು ಲಿಪಿ ನಮ್ಮದಕ್ಕೆ ಎಷ್ಟು ಹತ್ತಿರವೆಂದರೆ, ಕೆಲವು ದಿನ ಅಭ್ಯಾಸ ಮಾಡಿದ ಕನ್ನಡಿಗರು 1904ರ ಮೂಲವನ್ನೇ ಓದಿಕೊಳ್ಳಬಹುದು. ನಮ್ಮ ಸಂಗೀತ ವಿದ್ಯಾರ್ಥಿಗಳು ಈ ಅನುಕೂಲವನ್ನು ಬಿಟ್ಟುಕೊಡಬಾರದು.

ಹಾಗಾದರೆ ಆಯ್ಕೆ ಹೇಗೆ? ಮೊದಲು ನಮ್ಮ ಪ್ರಶ್ನೆ ಏನೆಂದು ಕೇಳಿಕೊಳ್ಳಬೇಕು. ಹುಟ್ಟಿದ ದಿನ, ಕೃತಿಯ ಕಾಲ, ಹಸ್ತಪ್ರತಿ ಇರುವ ಜಾಗ ಇಂಥ ಸಂಗತಿಗಳಿಗೆ ಸಿಗುವಷ್ಟರಲ್ಲಿ ತೀರ ಹೊಸದನ್ನು ನೋಡಬೇಕು. ಅದರಲ್ಲೂ ಮಾತು ತೀರ ಖಚಿತವಾಗಿದ್ದರೆ ಹಿಂದಿನದರ ಜೊತೆ ಹೋಲಿಸಬೇಕು. ಎರಡು ಆವೃತ್ತಿಗಳು ಬೇರೆ ಬೇರೆ ಹೇಳಿದರೆ ಅಲ್ಲೊಂದು ಜಗಳ ನಡೆದಿದೆ ಎಂದರ್ಥ, ಅದನ್ನು ಹುಡುಕಿಕೊಂಡು ಹೋಗಬೇಕು. ಒಂದು ಕಾಲದ ಅಭಿರುಚಿ, ಪೂರ್ವಗ್ರಹ, ಪ್ರತ್ಯಕ್ಷ ಸಾಕ್ಷಿ ಬೇಕಿದ್ದರೆ ಆ ಕಾಲದ ಆವೃತ್ತಿಯನ್ನೇ ತೆರೆಯಬೇಕು. ಯಾವುದನ್ನೇ ಬಳಸಿದರೂ 'ಗ್ರೋವ್ ಪ್ರಕಾರ' ಎಂದಷ್ಟೇ ಬರೆಯದೆ ಲೇಖಕರ ಹೆಸರು, ಆವೃತ್ತಿ, ವರ್ಷ ಕೊಡಬೇಕು. ಆನ್‌ಲೈನ್ ಆದರೆ ನೋಡಿದ ದಿನಾಂಕವನ್ನೂ ಕೊಡಬೇಕು. ಗ್ರೋವ್ 1900ರಲ್ಲೇ ತೀರಿಕೊಂಡರು. ಆಮೇಲೆ ಆ ಹೆಸರಿನಲ್ಲಿ ಮಾತಾಡಿದವರು ಸಾವಿರಾರು ಜನ.

ಹೊಸ ಸೆಟ್ಟು ಬಂದೊಡನೆ ಹಳೆಯದನ್ನು ತೂಕಕ್ಕೆ ಹಾಕುವ ಪದ್ಧತಿ ಅನೇಕ ಗ್ರಂಥಾಲಯಗಳಲ್ಲಿದೆ. ಕಪಾಟಿನ ಜಾಗ ಕಡಿಮೆ ಎಂಬ ಅವರ ಕಷ್ಟ ನಿಜವಾದದ್ದೇ. ಆದರೆ ಹಾಗೆ ಹೊರಹೋಗುವ 1954ರ ಒಂಬತ್ತು ಸಂಪುಟಗಳ ಜೊತೆ, ಆ ಕಾಲದ ಜನ ಸಂಗೀತವನ್ನು ಹೇಗೆ ಕೇಳಿದರು, ಯಾರನ್ನು ಮೆಚ್ಚಿದರು, ಯಾರನ್ನು ತಳ್ಳಿಹಾಕಿದರು ಎಂಬುದರ ದಾಖಲೆಯೂ ಹೊರಹೋಗುತ್ತದೆ. ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಅಂಥ ಹಳೆಯ ಸೆಟ್ಟೊಂದು ಧೂಳು ಹಿಡಿದು ಕೂತಿದ್ದರೆ, ಅದರಿಂದ ಒಂದೆರಡು ಸಂಪುಟ ತೆಗೆಸಿ ಓದಿ, ನೋಂದಣಿ ಪುಸ್ತಕದಲ್ಲಿ ನಿಮ್ಮ ಹೆಸರು ಬರೆಸಿ. ಓದುಗರಿದ್ದಾರೆ ಎಂದು ಗೊತ್ತಾದ ಪುಸ್ತಕವನ್ನು ರದ್ದಿಗೆ ಕಳಿಸಲು ಗ್ರಂಥಪಾಲಕರೂ ಹಿಂದೆಮುಂದೆ ನೋಡುತ್ತಾರೆ.